ನಿಮ್ಮ ಬಾಲ್ಯದಿಂದ ಮಕ್ಕಳ ಪುಸ್ತಕ: ಕೊಡಗಿನಲ್ಲಿ ಕೂತು ಬರೆಯುವವರಿಗೆ

ಮಕ್ಕಳಿಗೊಂದು ಪುಸ್ತಕ ಬರೆಯಬೇಕು ಅನ್ನುವ ಆಸೆ ಕೊಡಗಿನಲ್ಲಿ ತುಂಬ ಜನಕ್ಕಿದೆ. ಟೀಚರ್‌ಗಳಿಗಿದೆ, ತೋಟ ನೋಡಿಕೊಳ್ಳುವವರಿಗಿದೆ, ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದವರಿಗಿದೆ. ಮೊಮ್ಮಕ್ಕಳಿಗೆ ಹಳೆಯದನ್ನು ಹೇಳುತ್ತಾ 'ಇದನ್ನೆಲ್ಲ ಬರೆದಿಡಬೇಕಿತ್ತು' ಅಂದುಕೊಂಡವರಂತೂ ಮನೆಗೊಬ್ಬರು ಸಿಗುತ್ತಾರೆ. ಬರೆಯಲು ಕೂತಾಗ ಮೊದಲ ಪುಟ ಸಾಮಾನ್ಯವಾಗಿ ಹೀಗೆ ಬರುತ್ತದೆ: ಹಸಿರು ಬೆಟ್ಟ, ಬೆಳಗಿನ ಮಂಜು, ಕಾಫಿ ಹೂವಿನ ಘಮ, ಅಜ್ಜಿಮನೆ, ಎಷ್ಟು ಚೆನ್ನಾಗಿತ್ತು ಆ ಕಾಲ! ಓದಿದರೆ ನಮಗೆ ಹಿತವಾಗುತ್ತದೆ. ಅದೇ ಪುಟವನ್ನು ಏಳು ವರ್ಷದ ಮಗುವಿಗೆ ಓದಿ ಹೇಳಿ ನೋಡಿ. ಅರ್ಧಕ್ಕೇ ಎದ್ದು ಹೋಗುತ್ತದೆ.

ಮಗುವಿನ ತಪ್ಪಿಲ್ಲ. ಆ ಪುಟದಲ್ಲಿ ಇರುವುದು ದೊಡ್ಡವರ ಹಂಬಲ. ಬಾಲ್ಯ ಕಳೆದುಹೋಯಿತು ಅನ್ನುವ ನೋವು ನಮ್ಮದು, ಮಗು ಇನ್ನೂ ಅದರೊಳಗೇ ಇದೆ. ಅದಕ್ಕೆ ಬೇಕಾದದ್ದು ಬೇರೆ. ಕಥೆಯಲ್ಲಿರುವ ಹುಡುಗನಿಗೆ ಏನೋ ಬೇಕು, ಅದು ಸಿಗುತ್ತಿಲ್ಲ, ಈಗ ಏನು ಮಾಡುತ್ತಾನೆ? ಇಷ್ಟಿದ್ದರೆ ಮಗು ಕೂತು ಕೇಳುತ್ತದೆ. ಹಾಗಾಗಿ ನೆನಪಿನಿಂದ ಕಥೆ ತೆಗೆಯುವುದು ಅಂದರೆ, ನಮ್ಮ ಹಂಬಲವನ್ನು ಬದಿಗಿಟ್ಟು, ಆಗಿನ ಆ ಮಗುವಿಗೆ ಏನು ಬೇಕಿತ್ತು ಅಂತ ಹುಡುಕುವ ಕೆಲಸ. ಅದನ್ನು ಮಾಡುವ ದಾರಿ ಕೆಳಗಿದೆ.

1. ಮೊದಲು ನೆನಪುಗಳನ್ನು ಸಾಲು ಸಾಲಾಗಿ ಬರೆಯಿರಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಥೆ ಬರೆಯಬೇಡಿ, ಒಂದು ನೆನಪಿಗೆ ಒಂದೇ ಸಾಲು. 'ನನ್ನ ಬಾಲ್ಯ' ಅಂತ ತಲೆಬರಹ ಹಾಕಿ ಕೂತರೆ ಏನೂ ಬರುವುದಿಲ್ಲ. ಚಿಕ್ಕ ಚಿಕ್ಕ ಪ್ರಶ್ನೆ ಕೇಳಿಕೊಂಡರೆ ಬರುತ್ತದೆ.

ಯಾವುದನ್ನು ಬಚ್ಚಿಟ್ಟಿದ್ದಿರಿ? ಎಲ್ಲಿ? ಯಾವ ಜಾಗಕ್ಕೆ ಹೋಗಬಾರದು ಅಂತಿತ್ತು? ದೇವರಕಾಡಿನಿಂದ ಒಂದು ಎಲೆಯನ್ನೂ ಕೀಳಬಾರದು ಅಂತ ಹೇಳಿಸಿಕೊಂಡು ಬೆಳೆದವರು ನಾವು. ಅಲ್ಲಿಂದ ಒಂದು ಕಾಯಿಯೋ ಕಲ್ಲೋ ಗೊತ್ತಿಲ್ಲದೆ ಜೇಬಿನಲ್ಲಿ ಮನೆಗೆ ಬಂದಿತ್ತಾ? ಆ ರಾತ್ರಿ ನಿದ್ದೆ ಬಂತಾ? ದೊಡ್ಡವರು ಹೇಳಿದ್ದನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದು ಯಾವಾಗ? ನಿಮಗಿಂತ ಚಿಕ್ಕವರಿಗೆ ಸುಳ್ಳು ಹೇಳಿ ನಂಬಿಸಿದ್ದು ಏನು? ಜಿಗಣೆ ಮೊದಲ ಸಲ ಕಾಲ್ಬೆರಳ ಸಂದಿಯಲ್ಲಿ ಕಂಡಾಗ ಯಾರನ್ನು ಕೂಗಿದಿರಿ?

ಬಚ್ಚಿಟ್ಟದ್ದು, ಹೆದರಿದ್ದು, ತಪ್ಪು ತಿಳಿದದ್ದು. ಈ ಮೂರು ಬಗೆಯ ನೆನಪುಗಳಲ್ಲಿ ಕಥೆ ಜಾಸ್ತಿ ಸಿಗುತ್ತದೆ. ಸಂತೋಷದ ನೆನಪುಗಳು ಚೆನ್ನಾಗಿರುತ್ತವೆ, ಆದರೆ ಅವು ಚಿತ್ರದ ಹಾಗೆ ನಿಂತಲ್ಲೇ ನಿಲ್ಲುತ್ತವೆ. ಏನೋ ಗಡಿಬಿಡಿ ಆದ ನೆನಪು ಮುಂದಕ್ಕೆ ಓಡುತ್ತದೆ.

ಮನಸ್ಸು ಖಾಲಿ ಅನಿಸಿದ ದಿನ ಮನೆಯ ವಸ್ತುಗಳ ಹತ್ತಿರ ಹೋಗಿ. ಅಟ್ಟದ ಮೇಲಿನ, ಮಳೆಗೆ ಹೊದೆಯುವ ಗೊರಬೆ, ಕಣದ ಮೂಲೆಯಲ್ಲಿ ತುಕ್ಕು ಹಿಡಿದ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಒಲೆಯ ಮೇಲೆ ಹೊಗೆ ಹಿಡಿದು ಕಪ್ಪಾದ ಬಿದಿರ ತಟ್ಟೆ. ನಮ್ಮಲ್ಲಿ ಇನ್ನೊಂದು ದೊಡ್ಡ ಆಸ್ತಿ ಇದೆ: ಮಳೆ ಲೆಕ್ಕದ ಪುಸ್ತಕ. ಎಷ್ಟೋ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಮಾಪಕದ ನೀರು ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತಾರೆ. ಅಜ್ಜನ ಕಾಲದ ಅಂಥ ಪುಸ್ತಕ ಸಿಕ್ಕರೆ ನಿಮಗೆ ಎಂಟು ವರ್ಷವಾಗಿದ್ದ ಜುಲೈ ತಿಂಗಳು ತೆಗೆದು ನೋಡಿ. ಯಾವ ವಾರ ಜೋರು ಮಳೆ, ಯಾವ ದಿನ ಸೊನ್ನೆ ಅಂತ ಅಲ್ಲಿ ಕಾಣುತ್ತದೆ. ಆ ಸೊನ್ನೆಯ ದಿನ ನೀವು ಎಲ್ಲಿಗೆ ಓಡಿದ್ದಿರಿ ಅನ್ನುವುದು ತಾನಾಗಿಯೇ ನೆನಪಾಗುತ್ತದೆ. ಆ ಮಾಪಕವೇ ಒಂದು ಕಥೆ ಆಗಬಹುದು. ಮಳೆ ರಜೆ ಬೇಕು ಅಂತ ಒಬ್ಬಳು ಪುಟ್ಟಿ ರಾತ್ರಿ ಎದ್ದು ಅದಕ್ಕೆ ಒಂದು ಚೊಂಬು ನೀರು ಸುರಿದರೆ?

ಹಿರಿಯರನ್ನು ಕೇಳುವಾಗಲೂ ಇದೇ ರೀತಿ. 'ನಿಮ್ಮ ಕಾಲ ಹೇಗಿತ್ತು ತಾತ?' ಅಂದರೆ ಭಾಷಣ ಸಿಗುತ್ತದೆ. 'ಮಳೇಲಿ ಸ್ಕೂಲಿಗೆ ಹೋಗುವಾಗ ಪುಸ್ತಕ ನೆನೀದ ಹಾಗೆ ಏನು ಮಾಡ್ತಿದ್ರಿ?' ಅಂದರೆ ಕಥೆ ಸಿಗುತ್ತದೆ.

2. ಒಂದು ಸಾಲು ಆರಿಸಿ, ಮಗುವಿನ ಬೇಕನ್ನು ಹುಡುಕಿ

ಈ ಹೆಜ್ಜೆಯಲ್ಲಿ ನಿಧಾನಿಸಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಒಂದು ಉದಾಹರಣೆಯನ್ನು ಕೊನೆಯ ತನಕ ಹಿಡಿದುಕೊಂಡು ಹೋಗೋಣ.

ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ಸೊಪ್ಪು ಬೇಯಿಸಿದ ನೀರು ಗಾಢ ನೇರಳೆ ಆಗುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಲು. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ನಮಗೆಲ್ಲ ಇದು ಗೊತ್ತು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ನೆನಪನ್ನು ದೊಡ್ಡವರು ಬರೆದರೆ ಹಬ್ಬದ ವರ್ಣನೆ ಆಗುತ್ತದೆ. ಸೊಪ್ಪಿನ ಮಹತ್ವ, ಪೂರ್ವಿಕರ ಜ್ಞಾನ, ಅಜ್ಜಿಯ ಕೈರುಚಿ. ಆದರೆ ಯಾರೂ ಮೊದಲೇ ಹೇಳದ ಒಂದು ಮಗು ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಕೆಂಪು ನೋಡಿದಾಗ ಏನಾಗುತ್ತದೆ? ಅದಕ್ಕೆ ಏನು ಬೇಕು? ಯಾರಿಗೂ ಗೊತ್ತಾಗಬಾರದು. ಜೊತೆಗೆ, ತಾನು ಸಾಯಬಾರದು. ಇವೆರಡೂ ಒಟ್ಟಿಗೆ ನಡೆಯುವುದು ಕಷ್ಟ, ಅಲ್ವಾ? ಹೇಳಿದರೆ ಬೈಗುಳ, ಹೇಳದಿದ್ದರೆ ಭಯ. ಇಲ್ಲಿ ಕಥೆ ಹುಟ್ಟಿತು.

ನಿಮ್ಮ ಸಾಲಿನ ಪಕ್ಕದಲ್ಲಿ ಇದನ್ನೇ ಬರೆಯಿರಿ: 'ಅವನಿಗೆ ಬೇಕಾದದ್ದು ____, ಆದರೆ ____.' ಎರಡೂ ಖಾಲಿ ಜಾಗ ತುಂಬಲು ಆಗದಿದ್ದರೆ ಆ ನೆನಪನ್ನು ಸದ್ಯಕ್ಕೆ ಬಿಡಿ, ಇನ್ನೊಂದು ಸಾಲಿಗೆ ಹೋಗಿ.

3. ನಡೆದಂತೆಯೇ ಬರೆಯಬೇಕಾಗಿಲ್ಲ

ಅನುಭವದಿಂದ ಬರೆಯುವವರಿಗೆ ಬರುವ ದೊಡ್ಡ ತೊಡಕು, 'ಹಾಗೆ ಆಗಿರಲಿಲ್ಲವಲ್ಲ' ಅನ್ನುವುದು. ನಿಮ್ಮ ನೆನಪಿನಲ್ಲಿ ಆ ದಿನ ಮನೆಯಲ್ಲಿ ಹದಿನೈದು ಜನ ಇದ್ದಿರಬಹುದು. ಕಥೆಗೆ ಮೂವರು ಸಾಕು. ನಿಮಗೆ ಅಮ್ಮ ಐದೇ ನಿಮಿಷದಲ್ಲಿ ಸಮಾಧಾನ ಹೇಳಿರಬಹುದು. ಕಥೆಯಲ್ಲಿ ಸಮಾಧಾನ ತಡವಾಗಿ ಬರಬೇಕು. ನೆನಪಿನಿಂದ ಉಳಿಸಿಕೊಳ್ಳಬೇಕಾದ್ದು ಆ ಭಾವ ಮತ್ತು ಒಂದೆರಡು ವಿವರ. ಉಳಿದದ್ದನ್ನು ಧೈರ್ಯವಾಗಿ ಬದಲಿಸಿ.

ನಮ್ಮ ಉದಾಹರಣೆಯಲ್ಲಿ ನಾನು ಹೀಗೆ ಬದಲಿಸುತ್ತೇನೆ. ಹುಡುಗ ಊರಿನವನಲ್ಲ, ಮೈಸೂರಿನಿಂದ ಅಜ್ಜಿಮನೆಗೆ ಬಂದ ಆರು ವರ್ಷದ ಮುತ್ತು. ಅವನಿಗೆ ಮದ್ದು ಸೊಪ್ಪು ಗೊತ್ತಿಲ್ಲ, ಓದುವ ಬೇರೆ ಜಿಲ್ಲೆಯ ಮಗುವಿಗೂ ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ಕಂಡುಕೊಳ್ಳುತ್ತಾರೆ. ಅವನು ಮೂರನೇ ಬಟ್ಟಲು ಪಾಯಸವನ್ನು ಕದ್ದು ತಿಂದಿದ್ದಾನೆ. ಹಾಗಾಗಿ ಕೆಂಪು ಕಂಡ ಕೂಡಲೇ ಅವನ ಲೆಕ್ಕ ಸ್ಪಷ್ಟ: ಕದ್ದದ್ದಕ್ಕೆ ಹೀಗಾಗಿದೆ. ಅವನು ನೀರು ಕುಡಿಯುವುದನ್ನು ನಿಲ್ಲಿಸುತ್ತಾನೆ. ಮಂಚದ ಮೇಲೆ ಮಲಗಿ ಯೋಚಿಸುತ್ತಾನೆ. ಆಮೇಲೆ ತನ್ನ ಹೊಸ ಚೆಂಡನ್ನು ತಂದು ಚಿಕ್ಕಪ್ಪನ ಮಗಳು ಪೊನ್ನುವಿಗೆ ಕೊಡುತ್ತಾನೆ.

'ಯಾಕೆ ಕೊಡ್ತಿದ್ದೀಯ?'
'ನಂಗಿನ್ನು ಬೇಡ.'
'ಯಾಕೆ ಬೇಡ?'
'ಸುಮ್ನೆ.'

ಪೊನ್ನು ಬಿಡುವವಳಲ್ಲ. ಕೇಳಿ ಕೇಳಿ ಬಾಯಿ ಬಿಡಿಸುತ್ತಾಳೆ. ಕೇಳಿ ಬಿದ್ದು ಬಿದ್ದು ನಗುತ್ತಾಳೆ. 'ನಂದೂ ಕೆಂಪು! ಅಜ್ಜೀದೂ ಕೆಂಪು! ನಿನ್ನೆ ಬಂದ ಪೋಸ್ಟ್‌ಮ್ಯಾನ್ ಮಾಮಂದೂ ಕೆಂಪು!' ಮುತ್ತುವಿಗೆ ಎಷ್ಟು ಹಗುರವಾಗುತ್ತದೆ ಅಂದರೆ ಒಂದು ತಂಬಿಗೆ ನೀರು ಗಟಗಟ ಕುಡಿಯುತ್ತಾನೆ. ಆಮೇಲೆ ಚೆಂಡು ವಾಪಸ್ ಕೇಳುತ್ತಾನೆ. ಪೊನ್ನು ಕೊಡುವುದಿಲ್ಲ.

ಕಥೆ ಅಲ್ಲಿಗೆ ಮುಗಿಯಿತು. ಮದ್ದು ಸೊಪ್ಪಿನ ಗುಣಗಾನ ಎಲ್ಲೂ ಇಲ್ಲ, ಕದಿಯಬಾರದು ಅನ್ನುವ ಬುದ್ಧಿಮಾತೂ ಇಲ್ಲ. ಆದರೆ ಪುಸ್ತಕ ಮುಚ್ಚಿದ ಮಗುವಿಗೆ ಮದ್ದು ಸೊಪ್ಪು ಮರೆಯುವುದಿಲ್ಲ. ಕೊನೆಯಲ್ಲಿ ಒಂದು ನೀತಿ ಸೇರಿಸಬೇಕು ಅಂತ ಕೈ ತುರಿಸಿದರೆ ತಡೆದುಕೊಳ್ಳಿ. ನಮ್ಮಲ್ಲಿ ಒಳ್ಳೆಯ ಕಥೆಗಳು ಹಾಳಾಗುವುದು ಜಾಸ್ತಿ ಆ ಕೊನೇ ಸಾಲಿನಲ್ಲೇ.

4. ಯಾವ ವಯಸ್ಸಿಗೆ ಅಂತ ತೀರ್ಮಾನಿಸಿ

'ಎಲ್ಲ ವಯಸ್ಸಿನ ಮಕ್ಕಳಿಗೆ' ಅನ್ನುವ ಪುಸ್ತಕ ಸಾಮಾನ್ಯವಾಗಿ ಯಾರಿಗೂ ಹಿಡಿಸುವುದಿಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು ಅನುಸರಿಸುವ ಹಂತಗಳು ಹೊಸಬರಿಗೆ ಒಳ್ಳೆಯ ಅಳತೆ. ಈಗಷ್ಟೇ ಓದಲು ಶುರು ಮಾಡಿದ ಮಕ್ಕಳಿಗೆ 250 ಪದದೊಳಗೆ, ಎರಡನೇ ಹಂತಕ್ಕೆ ಸುಮಾರು 600ರವರೆಗೆ, ಮೂರನೆಯದಕ್ಕೆ 1500ರವರೆಗೆ, ಸರಾಗವಾಗಿ ಓದುವವರಿಗೆ ಅದಕ್ಕಿಂತ ಹೆಚ್ಚು. ಮುತ್ತುವಿನ ಕಥೆ ಎರಡನೇ ಹಂತದ್ದು. ಹಿಂದೆ ಹೇಳಿದ ದೇವರಕಾಡಿನ ಕಾಯಿ, ನಿದ್ದೆ ಬಾರದ ರಾತ್ರಿ, ಅದನ್ನು ವಾಪಸ್ ಇಟ್ಟು ಬರಲು ಒಬ್ಬಳೇ ಹೋಗುವ ದಾರಿ, ಅದು ದೊಡ್ಡ ಮಕ್ಕಳಿಗೆ.

ಕನ್ನಡದಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಬೇಕು: ಒತ್ತಕ್ಷರ. ಒಂದು, ಎರಡನೇ ಕ್ಲಾಸಿನ ಮಕ್ಕಳು ಅಲ್ಲೇ ಎಡವುತ್ತಾರೆ. ಕೊಡಗಿನಲ್ಲಂತೂ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಭಾಷೆ ಆಡಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ತುಂಬ. ಅವರಿಗೆ 'ಪ್ರತಿಧ್ವನಿ' ಬೆಟ್ಟ ಹತ್ತಿದಷ್ಟು ಕಷ್ಟ. 'ಬೆಟ್ಟ ತಿರುಗಿ ಕೂಗಿತು' ಅಂದರೆ ಓದಲೂ ಸುಲಭ, ಕೇಳಲೂ ಚಂದ.

ಚಿತ್ರಪುಸ್ತಕ ಆದರೆ ಅರ್ಧ ಕಥೆ ಚಿತ್ರದಲ್ಲಿರುತ್ತದೆ ಅನ್ನುವುದು ನೆನಪಿರಲಿ. ಒಂದು ಹಾಳೆಯನ್ನು ಮಡಚಿ ಪುಟ್ಟ ಪುಸ್ತಕ ಮಾಡಿಕೊಳ್ಳಿ. ಪ್ರತಿ ಪುಟದಲ್ಲಿ ಏನು ಕಾಣುತ್ತದೆ ಅಂತ ಗೀಚಿ. ಚಿತ್ರ ಬರೆಯಲು ಬರದಿದ್ದರೂ ಪರವಾಗಿಲ್ಲ, ಕಡ್ಡಿ ಮನುಷ್ಯರು ಸಾಕು. ಎರಡು ಪುಟದಲ್ಲಿ ಒಂದೇ ಚಿತ್ರ ಬಂದರೆ ಅಲ್ಲಿ ಕಥೆ ನಿಂತಿದೆ ಅಂತ ಅರ್ಥ. 'ಮುತ್ತು ಹೆದರಿದ' ಅಂತ ಬರೆಯಬೇಕಾಗಿಲ್ಲ, ಅದು ಅವನ ಮುಖದಲ್ಲಿ ಕಾಣುತ್ತದೆ.

5. ಕೊಡಗನ್ನು ತುಂಬಿಸಬೇಡಿ, ಬರಲು ಬಿಡಿ

ಒಂದೇ ಕಥೆಯಲ್ಲಿ ತಲಕಾವೇರಿ, ದುಬಾರೆ ಆನೆ, ಪುತ್ತರಿ, ಕಡಂಬುಟ್ಟು, ಕಿತ್ತಳೆ ಎಲ್ಲ ಬಂದರೆ ಅದು ಪ್ರವಾಸಿಗರ ಕೈಪಿಡಿ. ಕಥೆಗೆ ಬೇಕಾದ ಒಂದನ್ನು ಹಿಡಿಯಿರಿ, ಅದನ್ನು ಹತ್ತಿರದಿಂದ ತೋರಿಸಿ. ಸುಗ್ಗಿಯ ಹಬ್ಬವಾದ ಪುತ್ತರಿ ಬೇಕಾದರೆ ಇಡೀ ಹಬ್ಬ ಬೇಡ. ಕದಿರು ತೆಗೆಯುವ ರಾತ್ರಿ ಗುಂಡಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕು, ಆದರೆ 'ಪೊಲಿ ಪೊಲಿ ದೇವಾ' ಅಂತ ಎಲ್ಲರ ಜೊತೆ ಕೂಗಲೂ ಬೇಕು. ಎರಡು ಕೈಯಲ್ಲೂ ಕಿವಿ ಮುಚ್ಚಿದರೆ ಕದಿರು ಹಿಡಿಯುವುದು ಯಾರು? ಒಂದು ಮಗುವಿಗೆ ಅಷ್ಟು ತೊಂದರೆ ಸಾಕು.

ಇವತ್ತಿನ ಕೊಡಗೂ ಇರಲಿ. ಆನೆ ಯಾವ ತೋಟದಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಬರುವ ಸಂದೇಶ, ಬಸ್ ಬಾರದ ದಿನ, ಹೋಂಸ್ಟೇಗೆ ಬಂದ ಅತಿಥಿಗಳ ಮಕ್ಕಳ ಜೊತೆ ಎರಡೇ ದಿನದ ಗೆಳೆತನ, ಇವೆಲ್ಲ ಈಗಿನ ಮಕ್ಕಳ ಅನುಭವ. ಕರಡದಲ್ಲಿ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಒಂದೇ ತಂಡದಲ್ಲಿ ಹುಡುಗಿಯರು, ಹುಡುಗರು, ಅಜ್ಜಂದಿರು ಎಲ್ಲ ಆಡುತ್ತಾರೆ. ಅಜ್ಜ ಪಾಸ್ ಕೊಡುತ್ತಿಲ್ಲ ಅಂತ ಸಿಟ್ಟಾದ ಮೊಮ್ಮಗಳ ಕಥೆಯನ್ನು ಯಾರಾದರೂ ಬರೆಯಲಿ ಅನ್ನುವುದು ನನ್ನ ಬಹುದಿನದ ಆಸೆ.

ಊರಿನ ಮಾತುಗಳಿಗೆ ಪಕ್ಕದಲ್ಲೇ ಅರ್ಥ ಬರೆಯುತ್ತಾ ಹೋಗಬೇಡಿ. 'ಅಜ್ಜಿ ಗೊರಬೆ ತಲೆ ಮೇಲೆ ಹೊತ್ತು ಗದ್ದೆಗೆ ಇಳಿದರು, ಬೆನ್ನು ನೆನೆಯಲಿಲ್ಲ' ಅಂದರೆ ಗೊರಬೆ ಏನು ಅಂತ ಮಗುವಿಗೆ ಗೊತ್ತಾಯಿತು.

6. ಯಾರ ಕಥೆ ಅಂತ ಯೋಚಿಸಿ

ತೋಟದ ಮನೆಯಲ್ಲಿ ಬೆಳೆದವರ ಬಾಲ್ಯದಲ್ಲಿ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲು ಮನೆಯ, ಗೆಳೆಯರೂ ಇರುತ್ತಾರೆ. ಯರವ, ಜೇನುಕುರುಬ ಮಕ್ಕಳು, ಈಚೆಗೆ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು. ಅವರನ್ನು ನಮ್ಮ ಕಥೆಯ ಮೂಲೆಯಲ್ಲಿ ಜೇನು ತಂದುಕೊಡುವವರನ್ನಾಗಿ, ಕಾಡಿನ ಗುಟ್ಟು ಹೇಳುವವರನ್ನಾಗಿ ಮಾತ್ರ ನಿಲ್ಲಿಸುವ ಅಭ್ಯಾಸ ಬಿಡಬೇಕು. ಈ ವಿಷಯ ನನ್ನ ಮನಸ್ಸಿಗೆ ತುಂಬ ಹತ್ತಿರ. ಆ ಗೆಳತಿಗೂ ಏನೋ ಬೇಕಿತ್ತು. ಅದೇನು ಅಂತ ನಿಮಗೆ ನಿಜವಾಗಿ ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಹೋಗಿ ಕೇಳಿ, ಬರೆದದ್ದನ್ನು ಅವರಿಗೇ ಮೊದಲು ಓದಿ ಹೇಳಿ. ಮನೆಯವರ ವಿಷಯದಲ್ಲೂ ಹೆಸರು ಬದಲಿಸುವುದು ಒಳ್ಳೆಯದು. ಕೊಡಗು ಚಿಕ್ಕದು, ಮನೆತನದ ಹೆಸರು ಹಾಕಿದರೆ ಯಾರ ಮನೆ ಅಂತ ಮರುದಿನವೇ ಗೊತ್ತಾಗುತ್ತದೆ.

7. ಭಯವನ್ನು ಬರೆಯುವುದು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಎಷ್ಟೋ ಮಕ್ಕಳು ರಾತ್ರೋರಾತ್ರಿ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದರು. ಆಮೇಲಿನ ವರ್ಷಗಳ ಮಳೆಗಾಲದಲ್ಲೂ ಆ ಭಯ ಹೋಗಿಲ್ಲ. ಇಂಥದ್ದನ್ನು ಮಕ್ಕಳಿಗೆ ಬರೆಯಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಭಯ ಮಗುವಿನೊಳಗೆ ಆಗಲೇ ಇದೆ. ಪುಸ್ತಕದಲ್ಲಿ ಅದನ್ನು ಕಂಡರೆ 'ನನ್ನೊಬ್ಬಳಿಗೇ ಅಲ್ಲ' ಅಂತ ಗೊತ್ತಾಗುತ್ತದೆ.

ಆದರೆ ಅಳತೆ ಬೇಕು. ಗುಡ್ಡ ಕುಸಿಯುವುದನ್ನು ತೋರಿಸಬೇಕಾಗಿಲ್ಲ. ಮಗುವಿನ ಎತ್ತರದಲ್ಲಿ ಏನು ಕಂಡಿತು ಅದನ್ನು ಬರೆಯಿರಿ. ಗೊತ್ತಿಲ್ಲದವರ ಪಕ್ಕ ಹಾಸಿದ ಚಾಪೆ, ಬೇರೆ ಯಾರದೋ ಸ್ವೆಟರ್, ಮನೆಯಲ್ಲೇ ಉಳಿದ ಬೆಕ್ಕು. ಭಯದ ಜೊತೆಯಲ್ಲಿ ಒಂದು ಕೈ ಇರಲಿ, ಅಮ್ಮನದೋ ಅಕ್ಕನದೋ. ಕೊನೆಯಲ್ಲಿ ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳುವುದೂ ಬೇಡ. ಬೆಕ್ಕಿಗೆ ಊಟ ಹಾಕಿದವರು ಯಾರೋ ಇದ್ದರು ಅಂತ ತಿಳಿದರೆ ಸಾಕು. ಇನ್ನೊಂದು ಮಾತು: ನಿಮಗೇ ಆ ನೆನಪು ಇನ್ನೂ ಹಸಿಯಾಗಿದ್ದರೆ ಈಗಲೇ ಮುಟ್ಟಬೇಡಿ.

8. ಗಟ್ಟಿಯಾಗಿ ಓದಿ, ಮಕ್ಕಳ ಮುಂದೆ ಓದಿ

ಕನ್ನಡದ ಮಕ್ಕಳ ಸಾಹಿತ್ಯಕ್ಕೆ ದಾರಿ ಹಾಕಿದವರಲ್ಲಿ ಮುಖ್ಯರಾದ ಪಂಜೆ ಮಂಗೇಶರಾಯರು ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಅವರ ಪದ್ಯಗಳು ಇವತ್ತಿಗೂ ಬಾಯಿಗೆ ಬರುವುದಕ್ಕೆ ಕಾರಣ ಅವುಗಳ ಸದ್ದು. ಗದ್ಯ ಬರೆಯುವವರಿಗೂ ಅದೇ ಪರೀಕ್ಷೆ. ಉಸಿರು ಕಟ್ಟಿದ ಕಡೆ ವಾಕ್ಯ ಒಡೆಯಿರಿ. ಮಗು ಮತ್ತೆ ಮತ್ತೆ ಹೇಳಬಹುದಾದ ಒಂದು ಮಾತು ಇರಲಿ. 'ನಂದೂ ಕೆಂಪು!' ಅನ್ನುವುದನ್ನು ಮಕ್ಕಳು ಖಂಡಿತ ಕೂಗುತ್ತಾರೆ.

ಆಮೇಲೆ ಹತ್ತಿರದ ಅಂಗನವಾಡಿ ಅಥವಾ ಶಾಲೆಯ ಟೀಚರ್ ಹತ್ತಿರ ಕೇಳಿ ನಾಲ್ಕೈದು ಮಕ್ಕಳಿಗೆ ಓದಿ. ಕೊನೆಯಲ್ಲಿ 'ಇಷ್ಟ ಆಯ್ತಾ?' ಅಂತ ಕೇಳಬೇಡಿ, ಎಲ್ಲರೂ 'ಹೂಂ' ಅನ್ನುತ್ತಾರೆ. ಓದುವಾಗ ಅವರನ್ನು ನೋಡಿ. ಕಾಲು ಆಡಿಸಲು ಶುರು ಮಾಡಿದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಅಲ್ಲಿ ನೀವು ದೊಡ್ಡವರಾಗಿ ಮಾತಾಡಿರುತ್ತೀರಿ. ಆ ಸಾಲುಗಳನ್ನು ತೆಗೆದು ಇನ್ನೊಂದು ವಾರ ಬಿಟ್ಟು ಬೇರೆ ಮಕ್ಕಳಿಗೆ ಓದಿ. ನಿಮ್ಮ ಮನೆಯ ಮಕ್ಕಳ ಮೆಚ್ಚುಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

9. ಕಳಿಸುವುದು

ಮೊದಲ ಕಥೆಗೆ ಪತ್ರಿಕೆಗಳ ಮಕ್ಕಳ ಪುಟ ಒಳ್ಳೆಯ ಜಾಗ. ಪುಸ್ತಕವಾಗಿ ತರಬೇಕಾದರೆ ಕನ್ನಡದಲ್ಲಿ ಮಕ್ಕಳ ಪುಸ್ತಕ ಪ್ರಕಟಿಸುವವರು ಹಲವರಿದ್ದಾರೆ. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ. ಮೊದಲು ಅವರ ಹತ್ತಿಪ್ಪತ್ತು ಪುಸ್ತಕ ಓದಿ, ನಿಮ್ಮದು ಎಲ್ಲಿಗೆ ಹೊಂದುತ್ತದೆ ನೋಡಿ. ಚಿತ್ರ ಬರೆಸಿಕೊಂಡು ಕಳಿಸಬೇಕಾಗಿಲ್ಲ, ಚಿತ್ರಕಾರರನ್ನು ಸಾಮಾನ್ಯವಾಗಿ ಪ್ರಕಾಶಕರೇ ಆರಿಸುತ್ತಾರೆ. ಚಿತ್ರ ಬಿಡಿಸುವವರಿಗೆ ಗೊರಬೆ, ಮದ್ದು ಸೊಪ್ಪು, ಐನ್‌ಮನೆ (ಕೊಡವ ಮನೆತನದ ಮೂಲ ಮನೆ) ನೋಡಿ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಆಯ್ಕೆಯಾದ ಮೇಲೆ ನೀವೇ ಫೋಟೋ ತೆಗೆದು ಕಳಿಸಿದರೆ ಪುಸ್ತಕ ನಿಜವಾಗಿ ನಮ್ಮೂರಿನದಾಗುತ್ತದೆ.

ಕಾಯಲು ಮನಸ್ಸಿಲ್ಲದಿದ್ದರೆ ಸ್ಟೋರಿವೀವರ್ ಇದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಈ ತಾಣದಲ್ಲಿ ಅಲ್ಲಿರುವ ಚಿತ್ರಗಳನ್ನೇ ಬಳಸಿ ಕನ್ನಡದಲ್ಲಿ ಪುಸ್ತಕ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಆದರೆ ಅದು ಮುಕ್ತ ಪರವಾನಗಿಯ ಜಾಗ. ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಆ ಕಥೆಯನ್ನು ಅನುವಾದಿಸಬಹುದು, ಬದಲಿಸಬಹುದು, ಅಚ್ಚು ಹಾಕಬಹುದು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ಪ್ರಕಾಶಕರಿಗೆ ಕಳಿಸಿದ ಕಥೆಯನ್ನು ಉತ್ತರ ಬರುವ ತನಕ ಅಲ್ಲಿಗೆ ಹಾಕಬೇಡಿ.

ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಕಳಿಸಿದ ಪ್ರತಿಯ ಒಂದು ನಕಲು ಇಟ್ಟುಕೊಂಡು, ನೋಟ್‌ಬುಕ್‌ನ ಮುಂದಿನ ಸಾಲಿಗೆ ಹೋಗಿ.